ಹಾಲು ಬಾಯಿಗಿಟ್ಟಾಗ

ಕಮಲಾಪುರದಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಅತ್ತ ಮೂರು ತಿಂಗಳ ಹೆಣ್ಣುಮಗು ಅಳಲು ಶುರುಮಾಡುತ್ತಿತ್ತು. ಹಸಿದ ಮಕ್ಕಳು ಹಾಲು ಸಿಕ್ಕ ಕೂಡಲೇ ಸುಮ್ಮನಾಗುತ್ತವೆ. ಇದರದು ತಿರುವುಮುರುವು. ಅಳು ನಿಂತಾಗ ತಾಯಿ ಎದೆಗೆ ಹಾಕಿಕೊಂಡಳೆಂದು ತಿಳಿಯುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಮಗುಚುವಷ್ಟರಲ್ಲಿ ಚಿಟ್ಟನೆ ಚೀರು. ಆಮೇಲೆ ಬಿಕ್ಕು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದಕ್ಕೇ ನನ್ನ ಕೈ ಹಿಟ್ಟಿನಲ್ಲಿ ನಿಂತುಬಿಡುತ್ತಿತ್ತು.

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ, ಮಕ್ಕಳ ಹೃದಯವನ್ನು ಪರದೆಯ ಮೇಲೆ ನೋಡುವ ಎಕೋ ಕೋಣೆಯಲ್ಲಿ ನಾನು ನರ್ಸ್. ಓಣಿಗೆಲ್ಲ ಸಿಸ್ಟರಕ್ಕ. ಆದರೂ ಗೋಡೆಯ ಈಚೆಯಿಂದ ಕೂಗಿ ಹೇಳುತ್ತಿದ್ದುದು ಯಾವ ಮುದುಕಿಯಾದರೂ ಹೇಳುವ ಮಾತನ್ನೇ: "ಹೊಟ್ಟಿ ತುಂಬಿಲ್ಲವ್ವ ಅದಕ್ಕ. ಇನ್ನೊಂದ್ ಸಲ ಹಾಕ್ಕೋ."

ಅವಳು ಹಾಕಿಕೊಳ್ಳುತ್ತಿದ್ದಳು. ಮಗು ಮತ್ತೆ ಚೀರುತ್ತಿತ್ತು.

ಅವಳ ಅತ್ತೆ ಬೇರೆ ಕಾರಣ ಹೇಳುತ್ತಿದ್ದಳು. ಮಗು ಹುಟ್ಟುವುದಕ್ಕೆ ವಾರ ಮೊದಲು ಮುದುಕಿಯ ಗಂಡ ಒಳಕೋಣೆಯಲ್ಲಿ ತೀರಿಕೊಂಡಿದ್ದ, ಮೊಮ್ಮಗಳ ಮುಖ ನೋಡದೆ. ಹಾಲು ಕುಡಿಯುತ್ತಲೇ ಮಗು ತಟ್ಟನೆ ಬಾಯಿ ಬಿಟ್ಟು ಆ ಬಾಗಿಲ ಕಡೆ ದಿಟ್ಟಿಸುತ್ತದೆ, ಬಿಳುಚಿಕೊಳ್ಳುತ್ತದೆ, ಬೆವರುತ್ತದೆ; ಅಜ್ಜ ಬಂದು ನಿಂತದ್ದು ಅದಕ್ಕೆ ಕಾಣುತ್ತದೆ ಎನ್ನುತ್ತಿದ್ದಳು. ಕೋಣೆಗೆ ಬೀಗ ಹಾಕಿದರು. ಮಗು ಅಡುಗೆಮನೆಯಲ್ಲೂ ಬೆವರಿತು. ಒಂದು ದಿನ ನಾನೇ ಹೋಗಿ ಕಂಡೆ: ಚಳಿಗಾಲದ ಮುಂಜಾನೆ, ಹಣೆಯ ತುಂಬ ಹನಿ, ಕಣ್ಣುಗಳು ನನ್ನ ಬೆನ್ನ ಹಿಂದೆ ನೆಟ್ಟಿದ್ದವು. ಎಕೋ ಕೋಣೆಯಲ್ಲಿ ಇಷ್ಟು ವರ್ಷ ದುಡಿದ ನಾನು ತಿರುಗಿ ನೋಡಿದೆ.

ಆಮೇಲೆ ನನಗೇ ನಾಚಿಕೆಯಾಗಿ, "ನಾಳಿ ನನ್ನ ಜೋಡಿ ಬಸ್ಸಿಗಿ ಬರ್ರಿ" ಎಂದೆ.

"ನಿಮ್ ಮಷೀನಿಗಿ ಕಾಣ್ತದೇನ್ರಿ, ಅಂವ ಬಂದ್ ಕುಂತಿದ್ದು?" ಮುದುಕಿ ಕೇಳಿದಳು.

"ಕಂಡ್ರ ಫೋಟೋ ತಗದ್ ಕೊಡ್ತೀನಿ, ಬರ್ರಿ."

ಸೊಸೆ ನಕ್ಕಳು. ಅತ್ತೆ ನಗಲಿಲ್ಲ.

ಎಕೋ ಕೋಣೆಯಲ್ಲಿ ಹಗಲೂ ಕತ್ತಲೆಯೇ, ಪರದೆಯ ಬೆಳಕೊಂದೇ. ಮಗು ಹೊರಳಾಡಿದರೆ ಚಿತ್ರ ನಿಲ್ಲದು. ಆದರೆ ಇದು ಕಣ್ಣು ತೆರೆದು, ತೆಪ್ಪಗೆ ಮಲಗಿತ್ತು. ಡಾಕ್ಟರ್ ಮೇಡಂ ಬಹಳ ಹೊತ್ತು ನೋಡಿದರು. ಹೃದಯ ಹಿಗ್ಗಿತ್ತು, ಸರಿಯಾಗಿ ಹಿಂಡುತ್ತಿರಲಿಲ್ಲ.

"ಹೃದಯದ ಸ್ನಾಯುನೇ ಸೋತದ ಸಿಸ್ಟರ್. ಔಷಧ ಬರೀತೀನಿ" ಎಂದರು, ನನಗೆ ಮಾತ್ರ ಕೇಳುವಂತೆ.

ಹಾಗೆ ಬರೆಸಿಕೊಂಡು ಹೋದ ಮಕ್ಕಳಲ್ಲಿ ಎಷ್ಟೋ ಮಕ್ಕಳು ತಿರುಗಿ ಬಂದದ್ದಿಲ್ಲ. ಅಷ್ಟರಲ್ಲಿ ಮಗು ಮಿಸುಕಿತು. ಹಾಗಾದಾಗ ತಾಯಿಯ ಎದೆಗೆ ಕೊಟ್ಟು ಚಿತ್ರ ಮುಂದುವರಿಸುವುದು ನಮ್ಮ ಕೋಣೆಯ ರೂಢಿ. ನಾನೂ ರೂಢಿಯಂತೆ ಕೊಟ್ಟೆ. ನಾಲ್ಕು ಗುಟುಕು. ಚೀರು. ಪರದೆಯ ಮೇಲೆ ಆ ಹೃದಯ ನಮ್ಮ ಕಣ್ಣೆದುರೇ ಇನ್ನಷ್ಟು ಸೋತು ಅದುರತೊಡಗಿತು.

ಕತ್ತಲೆಯಲ್ಲಿ ಮುದುಕಿ ಮೆಲ್ಲಗೆ ಅಂದಳು: "ಬಂದ."

ಮೇಡಂ ಕೈ ನಿಂತಿತು.

"ಯಾವಾಗ್ಲೂ ಹಿಂಗೇ ಏನ್ ಸಿಸ್ಟರ್?"

"ಹಾಲು ಬಾಯಿಗಿಟ್ಟಾಗ ಮಾತ್ರ ಮೇಡಂ. ದಿನಾ ಕೇಳ್ತೀನಿ."

ಅವರು ಮತ್ತೆ ಮೊದಲಿನಿಂದ ನೋಡಿದರು. ಈ ಸಲ ಹುಡುಕಿದ್ದು ಹೃದಯಕ್ಕೇ ರಕ್ತ ಉಣಿಸುವ, ದಾರದಷ್ಟು ಸಣ್ಣ ನಾಳವನ್ನು. ಅದು ಕೆಂಪಗೆ ತೋರಬೇಕಾದಲ್ಲಿ ನೀಲಿಯಾಗಿ ತೋರಿತು. ಪರದೆಯ ಬಣ್ಣ ಹೇಳುವುದು ಹರಿವಿನ ದಿಕ್ಕನ್ನು: ರಕ್ತ ಹಿಮ್ಮುಖವಾಗಿ ಹರಿಯುತ್ತಿತ್ತು. ನಾನು ಅಂಥದ್ದನ್ನು ಅದೇ ಮೊದಲು ಕಂಡದ್ದು.

"ಈ ನಾಳ ತಪ್ಪು ಜಾಗದಾಗ ಹುಟ್ಟ್ಯದ" ಮೇಡಂ ದೀಪ ಹಾಕಿ ಹೇಳಿದರು. "ಕೂಸಿಗಿ ಹಾಲು ಕುಡಿಯೋದೇ ದೊಡ್ಡ ದುಡಿತ. ಆಗ ಹೃದಯ ಹೆಚ್ಚು ರಕ್ತ ಬೇಡ್ತದ, ಸಿಗಲ್ಲ. ಎದಿ ನೋವು ಬರ್ತದ. ಬೆಂಗಳೂರಾಗ ಆಪರೇಷನ್ ಮಾಡಿ ನಾಳ ಜಾಗಕ್ಕ ಜೋಡಸ್ತಾರ. ತಡ ಮಾಡಬ್ಯಾಡ್ರಿ."

"ಅಂದ್ರ ಅಂವಲ್ಲ?" ಮುದುಕಿ ಕೇಳಿದಳು.

"ಅವರಲ್ಲ ಅಜ್ಜಿ" ಎಂದೆ ನಾನು.

ಮುದುಕಿಯ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಗಂಡನನ್ನು ಇನ್ನೊಮ್ಮೆ ಕಳೆದುಕೊಂಡವಳ ಹಾಗೆ ಕೂತಳು.

ಸೊಸೆ ನನ್ನ ಕೈ ಹಿಡಿದಳು. "ಅಕ್ಕಾ, ಅಂದ್ರ ನಾ ದಿನಾ ಹಾಲು ಕುಡ್ಸಿ ನೋಯಸ್ಲಾಕ ಹತ್ತಿದ್ನೇನ್ರಿ?"

ಗೋಡೆಯಾಚೆಯಿಂದ ಇನ್ನೊಂದು ಸಲ, ಇನ್ನೊಂದು ಸಲ ಎಂದವಳು ನಾನು.

ಅದೇ ವಾರ ಬೆಂಗಳೂರಿಗೆ ಹೋದರು. ಆಪರೇಷನ್ ಆಯಿತು. ಹಲವು ದಿನ ನಳಿಕೆಯಲ್ಲಿ ಹಾಲು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಫೋನು: "ಅಕ್ಕಾ, ಎದಿಗಿ ಹಾಕ್ಕೋ ಅಂತಾರ ಇಲ್ಲಿ ಡಾಕ್ಟರು. ನಂಗ ಕೈ ಬರವಲ್ದು. ನೀವ್ ಹೇಳ್ರಿ."

"ಅವರು ನೋಡ್ಯಾರ, ಅವರು ಹೇಳಿದ್ ಕೇಳವ್ವ" ಎಂದೆ.

ಫೋನು ಹಾಸಿಗೆಯ ಮೇಲೆ ಇಟ್ಟ ಸದ್ದು. ಮುಂದೆ ಏನೂ ಕೇಳಲಿಲ್ಲ. ನನ್ನ ಡಬ್ಬಿಯ ಅನ್ನ ಆರಿತು. ಇಡಲೂ ಆಗದೆ, ಕೂಗಲೂ ಆಗದೆ ಫೋನು ಕಿವಿಗೊತ್ತಿಕೊಂಡೇ ಇದ್ದೆ.

ಕೊನೆಗೆ ಮುದುಕಿಯ ಪಿಸುದನಿ: "ಕುಡ್ದು ಮಕ್ಕೊಂಡದ. ಇನ್ನ ಫೋನ ಇಡ್ರಿ ಸಿಸ್ಟರಕ್ಕ. ನಿಮ್ಮ ಉಸುರು ಕೇಳಿ ಎದ್ದೀತು."