ಸೋಲ್ ಅಂಕಲ್‌ಗೆ ನಾನು ಬರೆದುಕೊಟ್ಟ ಹೆಸರು

ಝಿಪ್ ಕಿತ್ತುಹೋದರೆ ಜಾಕೆಟ್ ಎಸೆಯದೆ ಝಿಪ್ ಮಾತ್ರ ಬದಲಿಸುತ್ತಿದ್ದ ಕಾಲ ಅದು. ಆಕ್ಲೆಂಡ್‌ನ ನಮ್ಮ ಬಡಾವಣೆಯಲ್ಲಿ ಆ ಘನಕಾರ್ಯಕ್ಕೆ ಇದ್ದದ್ದು ಒಂದೇ ಅಂಗಡಿ, ಸೋಲ್ ಅಂಕಲ್‌ರದು. ಪೂರ್ತಿ ಹೆಸರು ಸಾಲೊಮನ್. ಯಹೂದಿಗಳು, ಚಿಕ್ಕವರಿದ್ದಾಗ ಹಂಗೇರಿಯಿಂದ ತಾಯಿಯ ಜೊತೆ ಹಡಗಿನಲ್ಲಿ ಬಂದವರು. ಅಂಗಡಿಯಲ್ಲಿ ನುಸಿಗುಳಿಗೆ, ಹೊಸ ಬಟ್ಟೆ, ಅವರ ಸೋಂಪಿನ ಪೆಪ್ಪರ್‌ಮೆಂಟು, ಮೂರೂ ಬೆರೆತ ವಾಸನೆ. ನಮ್ಮ ಅಮ್ಮಂದಿರಿಗಾಗಿಯೇ ಸೀರೆಯ ಫಾಲ್ಸ್ ತರಿಸಿಡುತ್ತಿದ್ದರು. ಅವರದೂ ಒಂದು ಬಗೆಯ ಮಡಿ. ಹೊರಗೆಲ್ಲೂ ಉಣ್ಣದವರು, ಮಾಂಸ ಬೇಯದ ನಮ್ಮ ಅಡುಗೆಮನೆಯನ್ನು ನಂಬಿ ಚಿತ್ರಾನ್ನ ತಿನ್ನುತ್ತಿದ್ದರು.

ನನಗೆ ಹತ್ತು ವರ್ಷವಾದಾಗ ಅವರೂ ಅಮ್ಮನೂ ಸೇರಿ ನನ್ನ ವಿರುದ್ಧ ಸಂಚು ಹೂಡಿದರು. ಹೇಗೂ ಬೆಳೆಯುತ್ತಾಳೆಂದು ಎರಡು ಸೈಜ್ ದೊಡ್ಡ ಯೂನಿಫಾರ್ಮ್ ತೊಡಿಸಿದರು. ಸ್ಕೂಲಿನಲ್ಲಿ ನನಗೆ ‘ಟೆಂಟ್’ ಎಂದು ನಾಮಕರಣವಾಯಿತು. ಅಮ್ಮನ ಮೇಲೆ ಸೇಡು ಅಪಾಯ, ಊಟ ಹಾಕುವವಳು ಅವಳು. ಉಳಿದವರು ಅಂಕಲ್.

ಆ ವಸಂತದಲ್ಲಿ ಅವರು ಕೌನ್ಸಿಲ್ ಚುನಾವಣೆಗೆ ನಿಂತರು. ವಾರ್ಡಿನ ಎಲ್ಲ ಭಾಷೆಗಳಲ್ಲೂ ತಮ್ಮ ಹೆಸರು ಬರೆಸುವ ಆಸೆ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ನನ್ನದೇ ದುಂಡು ಅಕ್ಷರವೆಂದು ಅಮ್ಮ ಕೊಚ್ಚಿಕೊಂಡಿದ್ದಳಲ್ಲ, ಬ್ರಷ್ಷು ನನ್ನ ಕೈಗೇ ಬಂತು.

"ಈ ದೇಶಕ್ಕೆ ಬಂದ ದಿನ ಬಂದರಿನ ಗುಮಾಸ್ತ ನನ್ನ ಹೆಸರು ತಪ್ಪು ಬರೆದ," ಎಂದರು ಅಂಕಲ್. "ನೀನು ಸರಿಯಾಗಿ ಬರಿ ಮಗು."

ದುಂಡಗೆ ಬರೆದುಕೊಟ್ಟೆ: ‘ಸೋಲು’.

ಅಂಗಡಿಯ ಗಾಜಿನ ಮೇಲೆ, ಬೇಲಿಬೇಲಿಯ ಮೇಲೆ ಅದು ಆಳೆತ್ತರ ನಿಂತಿತು. ಊರಿನ ಕನ್ನಡಿಗರೆಲ್ಲ ಬಂದು ದರ್ಶನ ಪಡೆದರು. ಅಪ್ಪ ಕಾರು ನಿಲ್ಲಿಸಿ ಕಣ್ಣೊರೆಸಿಕೊಂಡು ನಕ್ಕರು. "ಸೋತೇ ನಿಂತಿದ್ದಾರಲ್ಲೇ, ಇನ್ನು ಸೋಲೋದೇನಿದೆ?"

"ಪಾಪ ಕಣ್ರೀ, ಹೇಳಿಬಿಡಿ," ಎಂದಳು ಅಮ್ಮ. ಎಂದವಳೇ ನಕ್ಕಳು.

ಅವರು ಗೆದ್ದರು. ಗೆದ್ದವರಿಗೆ ಹೇಳುವುದು ಇನ್ನೂ ಕಷ್ಟ. ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಕರೆದೆವು. ಅಂಕಲ್ ಒಂದು ವಾರ ಮನೆಯಲ್ಲಿ ತಿದ್ದಿ ಕಲಿತಿದ್ದರಂತೆ. ವೇದಿಕೆಯ ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ‘ಸೋಲು’ ಎಂದು ಬರೆದು, ಎದೆ ಮುಟ್ಟಿಕೊಂಡು, "ನಾನು" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಅದನ್ನು ಪ್ರೀತಿಯೆಂದುಕೊಂಡು ಅವರು ತಲೆಬಾಗಿದರು. ಆಮೇಲೆ ಮುಂದಿನ ಸಾಲಿನಲ್ಲಿದ್ದ ನನ್ನತ್ತ ಕೈ ತೋರಿ, "ಮೈ ಟೀಚರ್" ಎಂದರು. ನಾನು ಎದ್ದು ನಮಸ್ಕಾರ ಮಾಡಿದೆ. ಚಪ್ಪಾಳೆಯೂ ಬಿತ್ತು.

ಮೂರು ಅವಧಿ ಕೌನ್ಸಿಲ್‌ನಲ್ಲಿದ್ದು ಅವರು ತೀರಿಕೊಂಡರು. ಆ ಅಕ್ಷರದ ಅರ್ಥವನ್ನು ಕೊನೆಯವರೆಗೂ ಅವರಿಗೆ ಯಾರೂ ಹೇಳಿರಲಿಲ್ಲ. ಈಗ ಆ ಅಂಗಡಿಯಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಪಾರ್ಕಿನಲ್ಲಿ ಅವರ ನೆನಪಿಗೊಂದು ಬೆಂಚು. ಅವರ ಇಚ್ಛೆಯಂತೆ ಹಿತ್ತಾಳೆಯ ಫಲಕದಲ್ಲಿ ಎಲ್ಲ ಲಿಪಿಗಳೂ ಇವೆ. ಕನ್ನಡದ್ದು ನನ್ನದೇ ದುಂಡು ಅಕ್ಷರ.

ಮೊನ್ನೆ ನನ್ನ ಮಗಳು ಅಲ್ಲಿ ಕೂತು, ಆ ಅಕ್ಷರದ ಮೇಲೆ ಬೆರಳಾಡಿಸುತ್ತ, "ವಾಟ್ ಡಸ್ ದಿಸ್ ಸೇ, ಅಮ್ಮ?" ಎಂದಳು. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಓದಲು ಬಾರದು. ಅವಳ ಓರಗೆಯ ಯಾರಿಗೂ ಬಾರದು. ಭಾನುವಾರದ ಕ್ಲಾಸು ಮುಚ್ಚಿ ಎಷ್ಟೋ ಕಾಲವಾಯಿತು.

"ಅವರ ಹೆಸರು ಕಣೇ," ಎಂದೆ.

ಇನ್ನಿಪ್ಪತ್ತು ವರ್ಷ ಕಳೆದರೆ ಅದು ನಿಜವೂ ಆಗುತ್ತದೆ. ಅಲ್ಲವೆಂದು ಓದಿ ಹೇಳುವವರು ಈ ಊರಿನಲ್ಲಿ ಉಳಿದಿರುವುದಿಲ್ಲ.