ಜುಂಜಮ್ಮ ಕಂಬಳಿ ಹಾಸಿದ್ದು

ಬುಕ್ಕಾಪಟ್ಟಣದ ಕಡೆಯ ಗೊಲ್ಲರ ಹಟ್ಟಿಯೊಂದರಲ್ಲಿ ಜುಂಜಮ್ಮ ಎಂಬ ಹೆಂಗಸಿದ್ದಳು. ಉಣ್ಣೆ ನೂಲುವಾಗ ಅವಳ ಕೈ ಎಷ್ಟು ನಯವೋ, ಬಾಯಿ ಬಿಟ್ಟರೆ ಮಾತು ಅಷ್ಟೇ ಒರಟು. ಗಂಡ ಕಾಯಿಲೆಯಲ್ಲಿ ಹೋದ ಮೇಲೆ ಒಬ್ಬನೇ ಮಗ ಓಬಯ್ಯನೇ ಅವಳಿಗೆ ಎಲ್ಲಾ. ಅವನಿಗೆ ಹೆಣ್ಣು ನೋಡಲು ಪಾವಗಡದವರೆಗೂ ಹೋದವಳು, ಆ ಕಡೆಯ ಸೊಸೆ ತೆಲುಗಿನಲ್ಲಿ ಬೈದರೆ ತನಗೆ ಅರ್ಥವಾಗುವುದಿಲ್ಲ, ತಿರುಗಿ ಬೈಯುವುದು ಹೇಗೆ ಎಂದು ವಾಪಸು ಬಂದಿದ್ದಳು. ಬೇರೆ ಹೆಣ್ಣು ಹುಡುಕುವ ಹೊತ್ತಿಗೆ ಮಗನೇ ಉಳಿಯಲಿಲ್ಲ.

ಅದು ಎಪ್ಪತ್ತಾರನೇ ಇಸವಿ. ಕಡಲೆಕಾಯಿ ಬಲಿತಿತ್ತು, ಹಂದಿ ಕಾಟ ಹೆಚ್ಚಾಗಿತ್ತು. ಅದೇ ಹಟ್ಟಿಯ ಕಾಟಪ್ಪ ನಾಡಬಂದೂಕು ಹಿಡಿದು ತನ್ನ ಹೊಲ ಕಾಯುತ್ತಿದ್ದ. ಅವನೂ ಓಬಯ್ಯನೂ ಓರಗೆಯವರು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಒಂದು ಮುಂಜಾನೆ ಮಂಜು ದಟ್ಟವಾಗಿ ಕವಿದಿತ್ತು. ಓಬಯ್ಯನ ಕುರಿಮರಿಯೊಂದು ನುಸುಳಲು ಹೋಗಿ ಆ ಹೊಲದ ಬೇಲಿಗೆ ಸಿಕ್ಕಿಕೊಂಡಿತ್ತು. ಕರಿ ಕಂಬಳಿಯನ್ನು ತಲೆಯ ಮೇಲಿಂದ ಮೈತುಂಬ ಕೊಪ್ಪೆ ಹಾಕಿಕೊಂಡಿದ್ದ ಓಬಯ್ಯ ಬಗ್ಗಿ, ಮುಳ್ಳಿನಿಂದ ಮರಿಯ ಕಾಲು ಬಿಡಿಸುತ್ತಿದ್ದ. ಕಾಟಪ್ಪನಿಗೆ ಕಂಡದ್ದು ಬಗ್ಗಿದ ಒಂದು ಕರಿ ಬೆನ್ನು, ಅಷ್ಟೇ. ಹೊಡೆದುಬಿಟ್ಟ.

ಓಬಯ್ಯನ ಹೆಣವನ್ನು ಕಾಟಪ್ಪನೇ ಹೆಗಲ ಮೇಲೆ ಹೊತ್ತು ತಂದ. ಜುಂಜಮ್ಮನ ಬಾಗಿಲ ಮುಂದೆ ಮಲಗಿಸಿ, ಪಕ್ಕದಲ್ಲೇ ಕುಕ್ಕರಿಸಿದ. ಪೊಲೀಸರು ಬರುವವರೆಗೂ ಅವನ ಬಾಯಿಂದ ಒಂದು ಮಾತು ಹೊರಡಲಿಲ್ಲ.

ಯಾರೂ ನೋಡಿಲ್ಲ, ನಾನಲ್ಲ ಅಂದುಬಿಡು ಎಂದು ವಕೀಲರು ಹೇಳಿಕೊಟ್ಟಿದ್ದರಂತೆ. ತುಮಕೂರಿನ ಕೋರ್ಟಿನಲ್ಲಿ ಅವನು ಹಾಗೆ ಅನ್ನಲಿಲ್ಲ. ಹೊಡೆದವನು ನಾನೇ ಸ್ವಾಮಿ, ಓಡಿಹೋಗಿ ನೋಡಿದಾಗ ಇನ್ನೂ ಜೀವ ಇತ್ತು, ನೀರು ಕುಡಿಸಿದೆ ಎಂದ. ಹಿಂದೆ ಕೂತಿದ್ದ ಜುಂಜಮ್ಮ ದಿಗ್ಗನೆ ಎದ್ದು ನಿಂತಳು. ಜೀವ ಇತ್ತೇ? ಹಾಗಾದರೆ ಮಗ ಏನೋ ಅಂದಿರಬೇಕಲ್ಲ. ನ್ಯಾಯಾಧೀಶರು ಬಂದೂಕು ಯಾರದು, ಬೆಳಕು ಎಷ್ಟಿತ್ತು, ಎಷ್ಟು ದೂರದಿಂದ ಹೊಡೆದೆ ಎಂದೆಲ್ಲ ಕೇಳಿದರು. ಅವಳಿಗೆ ಬೇಕಾದುದನ್ನು ಮಾತ್ರ ಯಾರೂ ಕೇಳಲಿಲ್ಲ. ಪೊಲೀಸಿನವನೊಬ್ಬ ಅವಳನ್ನು ಕೂರಿಸಿದ.

ಜೈಲು ಮುಗಿಸಿ ಕಾಟಪ್ಪ ಹಟ್ಟಿಗೆ ಬಂದದ್ದು ಎಂಬತ್ತೆರಡರ ಬೇಸಿಗೆಯಲ್ಲಿ. ಆ ಹಟ್ಟಿಯಲ್ಲಿ ಒಂದು ಕಟ್ಟಳೆ ಇತ್ತು. ರಕ್ತ ಚೆಲ್ಲಿದವನು, ಕಳಕೊಂಡ ಮನೆಯವರು ಕರೆದು ಕಂಬಳಿ ಹಾಸಿ ಕೂರಿಸುವವರೆಗೂ ಮುಳ್ಳುಬೇಲಿಯ ಒಳಗೆ ಬರುವಂತಿಲ್ಲ. ಕಾಟಪ್ಪ ಬೇಲಿಯ ಆಚೆ ಗುಡಿಸಲು ಹಾಕಿಕೊಂಡ. ಅವನ ತಾಯಿ ಪುಟ್ಟಕ್ಕ ದಿನಾ ಮುದ್ದೆ, ಸಾರು ಹೊತ್ತು ಜುಂಜಮ್ಮನ ಬಾಗಿಲ ಮುಂದೆಯೇ ಹಾದುಹೋಗಬೇಕು. ಒಂದು ಕಾಲಕ್ಕೆ ಇಬ್ಬರೂ ಒಂದೇ ಜಗಲಿಯಲ್ಲಿ ರಾಟೆ ಇಟ್ಟುಕೊಂಡು ಊರವರನ್ನೆಲ್ಲ ಆಡಿಕೊಂಡು ನಗುತ್ತಿದ್ದವರು. ಈಗ ಒಬ್ಬಳು ತಲೆ ಎತ್ತುತ್ತಿರಲಿಲ್ಲ, ಇನ್ನೊಬ್ಬಳು ತಲೆ ತಗ್ಗಿಸುತ್ತಿರಲಿಲ್ಲ.

ಹಟ್ಟಿಯ ಯಜಮಾನ ಅಂಜನಪ್ಪ ಪಟ್ಟನಾಯಕನಹಳ್ಳಿಯ ಮಠಕ್ಕೆ ಹೋಗಿಬಂದಾಗಲೆಲ್ಲ ಅವಳಿಗೊಂದು ಉಪದೇಶ ತರುತ್ತಿದ್ದ. ಕ್ಷಮಿಸುವುದಕ್ಕಿಂತ ದೊಡ್ಡ ಪುಣ್ಯ ಇಲ್ಲವಂತೆ. ಆ ಪುಣ್ಯವನ್ನು ನೀನೇ ಕಟ್ಟಿಕೋ, ನಿನ್ನ ಮಗನನ್ನು ಹೊಡೆಸಿಕೊಂಡು ಬಾ, ಆಮೇಲೆ ಮಾತಾಡೋಣ ಅಂದುಬಿಟ್ಟಳು. ಅಂಜನಪ್ಪ ಮತ್ತೆ ಆ ಜಗಲಿ ಹತ್ತಲಿಲ್ಲ.

ಅವಳಿಗೆ ಸಿಟ್ಟಿತ್ತು. ಇಲ್ಲ ಅನ್ನುವುದು ಸುಳ್ಳು. ಕಾಟಪ್ಪ ಸಾಯಲಿ ಎಂದು ಎಷ್ಟೋ ಸಲ ಅಂದುಕೊಂಡಳು. ಅಂದುಕೊಂಡ ಮರುಗಳಿಗೆಯೇ ಬೇಡ ಬೇಡ ಅನ್ನುತ್ತಿದ್ದಳು. ಅವನು ಸತ್ತರೆ ಮಗನ ಕೊನೇ ಮಾತೂ ಅವನ ಜೊತೆಗೇ ಮಣ್ಣಾಗುತ್ತದೆ. ಲೋಕದಲ್ಲಿ ಅದು ಗೊತ್ತಿರುವವನು ಅವನೊಬ್ಬನೇ. ಕೇಳಬೇಕೆಂದರೆ ಮಾತಾಡಿಸಬೇಕು. ಮಾತಾಡಿಸಿದರೆ ಮಗನನ್ನು ಬಿಟ್ಟುಕೊಟ್ಟಂತೆ ಎಂದು ಹಲ್ಲು ಕಚ್ಚಿಕೊಂಡಿದ್ದಳು.

ಒಂದು ಸಂಜೆ ಪುಟ್ಟಕ್ಕ ಖಾಲಿ ಬುಟ್ಟಿ ಹೊತ್ತು ಬಂದವಳು ಜುಂಜಮ್ಮನ ಗೋಡೆಗೆ ಒರಗಿ ನಿಂತು ಅಳತೊಡಗಿದಳು. ಕಾಟಪ್ಪ ಬೆಳಗಿನ ಬಸ್ಸಿಗೆ ಆಂಧ್ರದ ಕಡೆ ಕಲ್ಲು ಒಡೆಯುವ ಕೆಲಸಕ್ಕೆ ಹೊರಡುತ್ತಾನೆ, ಇನ್ನು ಬರುವುದಿಲ್ಲ ಅಂದಿದ್ದಾನೆ ಎಂದಳು. ಜುಂಜಮ್ಮ ಒಳಗೆ ಹೋದಳು. ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ.

ಬೆಳಗ್ಗೆ ಗಂಟು ಹೊತ್ತು ಹೊರಟಿದ್ದ ಕಾಟಪ್ಪನನ್ನು ಜುಂಜಮ್ಮ ಬೇಲಿಯ ಬಾಯಿಗೆ ಬಂದು ಕರೆದಳು. ಅವಳ ಹಿಂದೆ ಅವನು ಒಳಗೆ ಬಂದ. ಹಟ್ಟಿಯೇ ಹೊರಗೆ ಬಂದು ನಿಂತಿತು. ಅವಳು ಜಗಲಿಯ ಮೇಲೆ ಒಂದು ಕಂಬಳಿ ಹಾಸಿದಳು. ಕೋರ್ಟಿನಿಂದ ವಾಪಸು ಕೊಟ್ಟಿದ್ದ ಕಂಬಳಿ ಅದು. ಗುಂಡು ಹೊಕ್ಕ ತೂತಿಗೆ ಅವಳೇ ನೂಲು ತುಂಬಿದ್ದಳು. ಆದರೂ ಗುರುತು ಕಾಣುತ್ತಿತ್ತು. ಕಾಟಪ್ಪ ಅದನ್ನು ನೋಡಿ ಹಿಂದೆ ಸರಿದ.

"ಕೂತ್ಕಳ್ಳಾ," ಅಂದಳು. "ಬ್ಯಾರೆ ಕಂಬ್ಳಿ ಹಾಸಿದ್ರೆ ಸುಳ್ಳಾಗ್ತದೆ."

ಅವನು ಅಂಚಿನಲ್ಲಿ ಕೂತ. ಅವಳು ಎದುರಿಗೆ ಕೂತು, ಇಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದುದನ್ನು ಕೇಳಿದಳು. "ಅವ್ನು ಏನಂದ?"

ಕಾಟಪ್ಪ ಗಂಟನ್ನು ಕೆಳಗಿಟ್ಟ. "'ಕಾಟಾ, ನೀನೇನ್ಲಾ' ಅಂದ. ನೀರು ಕುಡ್ದ. ಆಮ್ಯಾಕೆ, 'ಅವ್ವಂಗೆ ಮೆಲ್ಲುಕೆ ಹೇಳ್ಲಾ' ಅಂದ. ನಾನು ಹೇಳ್ನಿಲ್ಲ ದೊಡ್ಡವ್ವಾ. ತಂದು ನಿನ್ ಬಾಗ್ಲಾಗೆ ಮಲಗ್ಸ್‌ಬುಟ್ಟೆ."

ಜುಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸಾಯುವಾಗಲೂ ತನ್ನ ಚಿಂತೆಯನ್ನೇ ಮಾಡಿದನಲ್ಲ ಎಂಬ ಸಂಕಟಕ್ಕೆ ಅತ್ತಳು, ಅದೇ ಸಮಾಧಾನಕ್ಕೂ ಅತ್ತಳು. ಕ್ಷಮಿಸಿದೆ ಎಂಬ ಮಾತು ಆವತ್ತಾಗಲಿ ಆಮೇಲಾಗಲಿ ಅವಳ ಬಾಯಿಂದ ಬರಲಿಲ್ಲ. ಬೇಲಿಯ ಹತ್ತಿರ ನಿಂತಿದ್ದ ಪುಟ್ಟಕ್ಕನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಕಾಟಪ್ಪ ಗಂಟಿನ ಕಡೆ ನೋಡಿದ.

"ಬಸ್ಸು ಹೋಗ್ಲಿ ಬುಡು," ಅಂದಳು ಜುಂಜಮ್ಮ. "ಅವ್ನು ಹೇಳು ಅಂದಿದ್ನಲ್ಲ, ಈಗ ಹೇಳು. ಮೊದ್ಲಿಂದ ಹೇಳು. ಮೆಲ್ಲುಕೆ ಹೇಳು."

ಕಾಟಪ್ಪ ಆ ಬೆಳಗಿನ ಮಂಜಿನಿಂದ ಶುರುಮಾಡಿದ.