ಕೊಪ್ಪರಿಗೆಯಲ್ಲಿ ಬಂದ ಬೀರಪ್ಪ

ನಮ್ಮ ಮನೆಯವರು ತೀರಿಕೊಂಡ ಮೇಲೆ ಮಾತನಾಡಿಸಲು ಬಂದವರೆಲ್ಲ ಅಂಗಳದಲ್ಲಿ ಬೋರಲು ಬಿದ್ದಿರುವ ಬೆಲ್ಲದ ಕೊಪ್ಪರಿಗೆಯನ್ನು ನೋಡಿ ನಗುತ್ತಾರೆ. ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ನನಗೂ ನಗು ಬರುತ್ತದೆ ಎಂದು ಅವರಿಗೆ ಹೇಗೆ ಹೇಳಲಿ?

ಆ ಕೊಪ್ಪರಿಗೆಯ ಕತೆ ನಡೆದಾಗ ಮುಂಬಯಿ ಸರಕಾರದ ಕಾಲ. ಅನಗವಾಡಿ ಹತ್ತಿರ, ನಮ್ಮ ಹೊಲದ ಎದುರಿಗೆ, ಹೊಳೆಯ ನಡುವೆ ಒಂದು ಸಣ್ಣ ನಡುಗಡ್ಡೆ ಇತ್ತು. ಮಹಾಪೂರದ ಹೊಡೆತವನ್ನು ಮೊದಲು ಅದೇ ತಾಳಿಕೊಳ್ಳುತ್ತಿತ್ತು. ಅದರ ಮಣ್ಣನ್ನು ಹಿಡಿದಿದ್ದುದು ಹುಲ್ಲಿನ ಬೇರು. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಳಿದರೆ ಊರ ಕುರಿಗಳು ದಾಟಿ ಹೋಗಿ ಆ ಹುಲ್ಲನ್ನು ಬುಡಸಮೇತ ಮೇಯುತ್ತಿದ್ದವು. ಪ್ರತಿ ಮಳೆಗಾಲಕ್ಕೂ ನಡುಗಡ್ಡೆ ಸಣ್ಣದಾಗುತ್ತಿತ್ತು. ಅದು ಹೋದರೆ ಮುಂದಿನ ಸರದಿ ನಮ್ಮ ಹೊಲದ್ದು.

ಕುರಿಯವರೆಲ್ಲ ಬೀಗರು, ನೆಂಟರು, ಜಗಳವಾಡುವಂತಿಲ್ಲ. ನಮ್ಮ ಮನೆಯವರು ಒಂದು ಉಪಾಯ ಮಾಡಿದರು. ನಡುಗಡ್ಡೆಯಲ್ಲಿ ಕಲ್ಲು ನಿಲ್ಲಿಸಿ, ಅರಿಶಿನದ ಭಂಡಾರ ಬಳಿದು, "ಇದು ಬೀರಪ್ಪನ ಜಾಗಾ, ಯಾರೂ ಹುಲ್ಲು ಮುಟ್ಟಬ್ಯಾಡ್ರಿ" ಎಂದು ಊರಲ್ಲಿ ಸಾರಿದರು. ಅಮಾವಾಸ್ಯೆಗೆ ಊರಿಗೆ ಊರೇ ಡೊಳ್ಳು ಬಾರಿಸುತ್ತ ಹೊರಟಿತು, ಕುರಿ ಹೊಡೆದುಕೊಂಡು. ಎಂದೂ ಬಾರದ ಹಿಂಡುಗಳೂ ಬಂದವು.

"ಕುರಿ ಯಾಕ ತಂದ್ರಿ ಕಾಕಾ?" ಎಂದರು ಇವರು, ಪೂಜಾರಿಯನ್ನು ತಡೆದು.

"ಬೀರಪ್ಪನ ಹಂತ್ಯಾಕ ಕುರಿ ಬಿಟ್ಟು ಹ್ಯಾಂಗ ಹೋಗೂದಲೇ? ಅವನವ ಅಲ್ಲೇನು?"

ಮನೆಯಲ್ಲಿ ನಮ್ಮತ್ತೆ ಬಿಡಲಿಲ್ಲ: "ಕುರಿ ಓಡಸಾಕ ಕುರಿಯವರ ದೇವರನ್ನ ಕೂಡಿಸಿ ಬಂದಿ. ಭಾಳ ಶಾಣ್ಯಾ ಅದಿ ಬಿಡು."

ಹೊಳೆಗೆ ಹೊಸ ನೀರು ಬಂದಾಗ ನಾನು ಪೂಜಾರಿಯನ್ನು ಮೆಲ್ಲಗೆ ಕೇಳಿದೆ: "ದೇವರು ಮುಳುಗ್ತಾನಲ್ರೀ?" ಅಷ್ಟೇ ಸಾಕಾಯಿತು. ದೇವರನ್ನು ಈ ದಂಡೆಗೆ ತರಲು ನಮ್ಮ ಕೊಪ್ಪರಿಗೆಯನ್ನೇ ಹೊಳೆಗಿಳಿಸಿದರು. ಬರುವಾಗ ಇವರು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಡುಹೊಳೆಯಲ್ಲಿ ಕೊಪ್ಪರಿಗೆ ಗಿರಗಿರ ತಿರುಗಿತು.

"ದೇವರನ್ನ ಗಟ್ಟಿ ಹಿಡೀಲೇ! ನೀ ಬಿದ್ರ ಈಸಿ ಬರ್ತಿ!" ಎಂದು ದಂಡೆಯಿಂದ ಪೂಜಾರಿ ಕೂಗಿದ.

"ನನಗ ಈಸಾಕ ಬರೂದಿಲ್ರೀ ಕಾಕಾ!"

"ಹಂಗಾದ್ರ ಇನ್ನೂ ಗಟ್ಟಿ ಹಿಡಿ!"

ದೇವರು ನಮ್ಮ ಹೊಲದ ದಿಬ್ಬದ ಮೇಲೆ ನೆಲೆಸಿದ. ಮರುಬೇಸಿಗೆಯಲ್ಲಿ ನಡುಗಡ್ಡೆಗೆ ಯಾರೂ ಹೋಗಲಿಲ್ಲ. ಹಿಂಡುಗಳು ದರ್ಶನಕ್ಕೆಂದು ನಮ್ಮ ಹೊಲಕ್ಕೇ ಬಂದು ಬದನೆಯನ್ನೆಲ್ಲ ಮುಗಿಸಿದವು. "ಬದನಿ ಮತ್ತ ಹಚ್ಚಬಹುದು. ನಡುಗಡ್ಡಿ ಹಚ್ಚಾಕ ಬರ್ತದೇನ?" ಎನ್ನುತ್ತ ಇವರು ಹಿಕ್ಕೆ ಗುಡಿಸಿ ಗೊಬ್ಬರದ ಕುಣಿಗೆ ಹಾಕಿದರು.

ನಡುಗಡ್ಡೆ ಉಳಿಯಿತು. ಈಗ ಅಲ್ಲಿ ಹುಲ್ಲು ಆಳೆತ್ತರ ನಿಂತಿದೆ. ಇವರನ್ನು ಅದೇ ದಿಬ್ಬದ ಕೆಳಗೆ, ಹೊಳೆ ಕಾಣುವಲ್ಲಿ ಮಣ್ಣು ಮಾಡಿದೆವು. ಮಳೆ ಬಿದ್ದ ಮೇಲೆ ಅಲ್ಲಿಯೂ ಎಳೆ ಹುಲ್ಲು ಬಂತು. ಈ ಅಮಾವಾಸ್ಯೆಗೆ ಕುರಿಗಳು ಬಂದು ಮೊದಲು ಅದಕ್ಕೇ ಬಾಯಿ ಹಾಕಿದವು. ಓಡಿಸಬೇಕೆಂದು ಕೋಲು ಹಿಡಿದು ಹೋದವಳು ಅವುಗಳ ಪಕ್ಕದಲ್ಲೇ ಕೂತೆ. ನಡುಗಡ್ಡೆ ಬಿಟ್ಟು ಇಲ್ಲಿ ಮೇಯುತ್ತಿವೆಯಲ್ಲ, ಇವರಿಗೆ ಬೇಕಾದದ್ದೂ ಅದೇ.